ಒಪ್ಪ ಓರಣದ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಜೋಡಿಸುವ ಮಾತು ಬಂದಾಗ ಜನ ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಅವೇ. ನನಗೆ ತಿಳಿದ ಮಟ್ಟಿಗೆ ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನೇನು ಹುಟ್ಟಿನಿಂದ ಅಚ್ಚುಕಟ್ಟಿನವಳಲ್ಲ. ಮನೆಯಲ್ಲಿ ಮೂರು ಕತ್ತರಿ ಇದ್ದೂ ಒಂದೂ ಸಿಗದೆ ಪಾರ್ಸೆಲ್ ಅನ್ನು ಹಲ್ಲಿನಲ್ಲಿ ಕಚ್ಚಿ ಹರಿದವಳು. ಆದ್ದರಿಂದ ಇಲ್ಲಿರುವುದೆಲ್ಲ ಸೋಮಾರಿಗಳಿಗೂ ಒಗ್ಗುವ ಉಪಾಯಗಳೇ. ಪೂರ್ತಿ ಓದಲೇಬೇಕು ಅಂತೇನಿಲ್ಲ. ನಿಮ್ಮ ಪ್ರಶ್ನೆ ಯಾವುದೋ ಅಲ್ಲಿಗೇ ನೇರ ಹೋಗಿ.

ಎಷ್ಟು ಸಲ ಜೋಡಿಸಿದರೂ ವಾರದೊಳಗೆ ಮನೆ ಮತ್ತೆ ಹಾಗೇ ಆಗುತ್ತದೆ. ಯಾಕೆ?

ಇದನ್ನು ಮೊದಲಿಗೇ ಇಟ್ಟಿದ್ದೇನೆ. ಮುಂದಿನ ಉತ್ತರಗಳೆಲ್ಲ ಇದನ್ನೇ ನೆಚ್ಚಿಕೊಂಡಿವೆ.

ಒಂದು ವಸ್ತುವನ್ನು ತೆಗೆಯುವಾಗ ನಮಗೆ ಅದು ಬೇಕಾಗಿರುತ್ತದೆ. ಎಷ್ಟೇ ಒಳಗಿದ್ದರೂ ಸ್ಟೂಲ್ ಹತ್ತಿಯಾದರೂ ತೆಗೆಯುತ್ತೇವೆ. ವಾಪಸ್ ಇಡುವಾಗ ಹಾಗಲ್ಲ. ಕೆಲಸ ಮುಗಿದಿರುತ್ತದೆ, ಮನಸ್ಸು ಆಗಲೇ ಮುಂದಿನದಕ್ಕೆ ಹೋಗಿರುತ್ತದೆ. ಆಗ ಇನ್ನೊಮ್ಮೆ ಸ್ಟೂಲ್ ಹತ್ತುವವರು ಯಾರು? ಹತ್ತಿರದ ಮೇಜಿನ ಮೇಲೆ ಇಟ್ಟು ಹೋಗುತ್ತೇವೆ. ತೆಗೆಯಲು ಸುಲಭ ಆಗಬೇಕು ಅಂತ ಎಲ್ಲರೂ ಯೋಚಿಸುತ್ತಾರೆ. ಇಡಲು ಸುಲಭ ಆಗಬೇಕು ಅಂತ ಯೋಚಿಸುವವರು ಕಡಿಮೆ. ಮನೆ ಹರಡಿಕೊಳ್ಳುವುದು ಇಲ್ಲೇ.

ನಮ್ಮ ಕತ್ತರಿಯ ಕಥೆ ಕೇಳಿ. ಅದರ ಜಾಗ ಡ್ರಾಯರಿನೊಳಗಿನ ಒಂದು ಡಬ್ಬಿ. ಇಡಬೇಕಾದರೆ ಡ್ರಾಯರ್ ಎಳೆಯಬೇಕು, ಡಬ್ಬಿ ತೆಗೆಯಬೇಕು, ಮುಚ್ಚಳ ಬಿಚ್ಚಬೇಕು, ಕತ್ತರಿ ಹಾಕಬೇಕು, ಮುಚ್ಚಳ ಹಾಕಬೇಕು, ಡಬ್ಬಿ ಒಳಗಿಡಬೇಕು, ಡ್ರಾಯರ್ ತಳ್ಳಬೇಕು. ಏಳು ಕೆಲಸ! ಈಗ ಅಡುಗೆಮನೆ ಬಾಗಿಲ ಪಕ್ಕ ಒಂದು ಕೊಕ್ಕೆ ಹೊಡೆದಿದ್ದೇವೆ. ಕತ್ತರಿ ಅಲ್ಲಿ ನೇತಾಡುತ್ತದೆ. ಇಡುವುದು ಒಂದೇ ಕೆಲಸ. ಆಮೇಲೆ ಒಂದು ಸಲವೂ ಕಳೆದಿಲ್ಲ. ಮನೆಯವರ ಬುದ್ಧಿ ಮೊದಲಿನಂತೆಯೇ ಇದೆ, ಬದಲಾಗಿದ್ದು ಆ ಕೊಕ್ಕೆ ಮಾತ್ರ.

ಹಾಗಾಗಿ ಯಾವುದಾದರೂ ವಸ್ತು ಸದಾ ಹೊರಗೇ ಬಿದ್ದಿರುತ್ತದೆ ಅಂದರೆ, ಅದನ್ನು ಒಳಗಿಡಲು ಕೈಗೆ ಎಷ್ಟು ಕೆಲಸ ಅಂತ ಎಣಿಸಿ ನೋಡಿ. ಎರಡಕ್ಕಿಂತ ಜಾಸ್ತಿ ಇದ್ದರೆ ಬೈಯಬೇಕಾದ್ದು ಮನುಷ್ಯರನ್ನಲ್ಲ, ಜಾಗವನ್ನು.

ಹಾಗಾದರೆ ಯಾವ ವಸ್ತು ಎಲ್ಲಿರಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಒಂದು ವಾರ ಏನೂ ಮಾಡದೆ ಸುಮ್ನೆ ನೋಡಿ. ಕೀಲಿ ಎಲ್ಲಿ ಬಂದು ಕೂರುತ್ತದೆ? ಕನ್ನಡಕ ಎಲ್ಲಿ? ಹೊರಗಿನಿಂದ ಬಂದ ತಕ್ಷಣ ಚೀಲ ಎಲ್ಲಿ ಇಳಿಯುತ್ತದೆ? ನಿಮ್ಮ ಕೈ ಆಗಲೇ ಜಾಗ ಆರಿಸಿಬಿಟ್ಟಿದೆ. ಅಲ್ಲೇ ಒಂದು ತಟ್ಟೆ, ಬುಟ್ಟಿ ಅಥವಾ ಕೊಕ್ಕೆ ಇಟ್ಟರೆ ಮುಗಿಯಿತು. ಕೀಲಿ ಮೇಜಿನ ಮೇಲೆ ಬಿದ್ದಿದ್ದರೆ ಹರವು ಅನ್ನುತ್ತೇವೆ. ಅದೇ ಮೇಜಿನ ಮೇಲೆ ಒಂದು ಪುಟ್ಟ ತಟ್ಟೆಯಲ್ಲಿದ್ದರೆ ಓರಣ ಅನ್ನುತ್ತೇವೆ. ತಮಾಷೆ ಅಲ್ವಾ?

ಇದರ ಜೊತೆ ಎತ್ತರವನ್ನೂ ನೋಡಿಕೊಳ್ಳಿ. ದಿನಾ ಬೇಕಾದ್ದು ಸೊಂಟದಿಂದ ಕಣ್ಣಿನ ಮಟ್ಟದೊಳಗೆ ಇರಲಿ. ಭಾರದ್ದು ಕೆಳಗೆ. ವರ್ಷಕ್ಕೊಮ್ಮೆ ಬೇಕಾದ್ದು, ಹಗುರವಾಗಿದ್ದರೆ, ಮೇಲೆ. ಭಾರವಾದ ಪೆಟ್ಟಿಗೆಯನ್ನು ತಲೆಗಿಂತ ಮೇಲೆ ಇಡಬೇಡಿ. ಇಡುವಾಗ ಇಬ್ಬರಿದ್ದಿರಿ, ಇಳಿಸುವ ದಿನ ಒಬ್ಬರೇ ಇರುತ್ತೀರಿ.

ಶುರು ಎಲ್ಲಿಂದ ಮಾಡಲಿ? ನೋಡಿದರೇ ಸುಸ್ತಾಗುತ್ತದೆ.

ಕಸದಿಂದ. ಒಂದು ಚೀಲ ಹಿಡಿದು ಮನೆಯೆಲ್ಲ ಒಂದು ಸುತ್ತು ಬನ್ನಿ. ಖಾಲಿ ಪೆಟ್ಟಿಗೆ, ಬರೆಯದ ಪೆನ್ನು, ಮುರಿದ ಹ್ಯಾಂಗರ್, ಒಣಗಿದ ಅಂಟು, ಜೋಡಿ ಇಲ್ಲದ ಮುಚ್ಚಳ. ಯೋಚನೆ ಮಾಡಬೇಕಾದ ಯಾವುದನ್ನೂ ಮುಟ್ಟಬೇಡಿ. ಇಪ್ಪತ್ತು ನಿಮಿಷ ಸಾಕು, ಕಣ್ಣಿಗೇ ವ್ಯತ್ಯಾಸ ಕಾಣುತ್ತದೆ.

ಆಮೇಲೆ ಒಂದೇ ಒಂದು ಡ್ರಾಯರ್. ಬಹಳ ಜನ ರಜೆಯ ದಿನ ಬೆಳಿಗ್ಗೆ ಉತ್ಸಾಹದಿಂದ ಬೀರು ಪೂರ್ತಿ ಮಂಚದ ಮೇಲೆ ಸುರಿದುಕೊಳ್ಳುತ್ತಾರೆ. ಮಧ್ಯಾಹ್ನಕ್ಕೆ ಸುಸ್ತು. ರಾತ್ರಿ ಮಲಗಲು ಜಾಗ ಬೇಕಲ್ಲ ಅಂತ ಎಲ್ಲವನ್ನೂ ಬಾಚಿ ಮತ್ತೆ ಒಳಗೇ ತುರುಕುತ್ತಾರೆ. ನಾನೂ ತುರುಕಿದ್ದೇನೆ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟನ್ನು ಮಾತ್ರ ಹೊರಗೆ ತೆಗೆಯಿರಿ.

ಫೋಟೋ, ಹಳೇ ಪತ್ರಗಳನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಒಂದು ಆಲ್ಬಮ್ ತೆರೆದಿರೋ, ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.

ಮೊದಲು ಒಳ್ಳೇ ಡಬ್ಬಿ, ಬುಟ್ಟಿ ತಂದುಕೊಳ್ಳಬೇಕಾ?

ಬೇಡ. ಬೇಡದ್ದು ಹೊರಗೆ ಹೋಗುವ ತನಕ ಎಷ್ಟು ಡಬ್ಬಿ ಬೇಕು, ಯಾವ ಅಳತೆಯದ್ದು ಬೇಕು ಅಂತ ಗೊತ್ತೇ ಆಗುವುದಿಲ್ಲ. ಮೊದಲೇ ತಂದರೆ ಬೇಡದ್ದನ್ನೂ ಚಂದವಾಗಿ ತುಂಬಿಡುತ್ತೀರಿ. ಅಷ್ಟರವರೆಗೆ ಶೂ ಬಂದ ಪೆಟ್ಟಿಗೆ ಸಾಕು. ಒಂದು ತಿಂಗಳು ಆ ಏರ್ಪಾಡು ನಿಂತರೆ ಆಗ ಅಳತೆ ಹಿಡಿದು ತನ್ನಿ. ತರುವಾಗ ಮುಚ್ಚಳ ಇಲ್ಲದ್ದನ್ನು, ಚೌಕಾಕಾರದ್ದನ್ನು ನೋಡಿ. ದುಂಡಗಿನ ಡಬ್ಬಿಗಳ ನಡುವೆ ಸಂದಿ ಉಳಿದು ಜಾಗ ಹಾಳಾಗುತ್ತದೆ. ಮುಚ್ಚಳ ಅಂದರೆ ಇಡುವಾಗ ಒಂದು ಕೆಲಸ ಜಾಸ್ತಿ.

ಮನೆ ಹರಡಿದ್ದರೆ ತಲೆ ಕೆಡುವುದು ನಿಜವಾ, ಇಲ್ಲಾ ನನ್ನದೇ ಅತಿಯಾ?

ನಿಮ್ಮದೊಬ್ಬರದ್ದೇ ಅಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2000ದ ದಶಕದ ಮೊದಲ ವರ್ಷಗಳಲ್ಲಿ 32 ಕುಟುಂಬಗಳ ಮನೆಯೊಳಗೇ ಹೋಗಿ ದಿನನಿತ್ಯದ ಬದುಕನ್ನು ದಾಖಲಿಸಿದರು. ಗಂಡ ಹೆಂಡತಿ ತಮ್ಮ ಮನೆಯನ್ನು ಕ್ಯಾಮೆರಾಗೆ ತೋರಿಸುತ್ತಾ ಮಾತಾಡಬೇಕು. ಅವರು ಬಳಸಿದ ಮಾತುಗಳನ್ನು ಆಮೇಲೆ ವಿಶ್ಲೇಷಿಸಿದರು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಬೆಳಿಗ್ಗೆ ಜಾಸ್ತಿ ಇದ್ದು ಸಂಜೆಯ ಹೊತ್ತಿಗೆ ಇಳಿಯಬೇಕು. ಮನೆ ಹರಡಿದೆ, ಕೆಲಸಗಳು ಅರ್ಧಕ್ಕೇ ನಿಂತಿವೆ ಅಂತ ಹೆಚ್ಚಾಗಿ ಹೇಳಿದ ಹೆಂಗಸರಲ್ಲಿ ಆ ಇಳಿತ ಕಡಿಮೆ ಇತ್ತು. ಈ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಹರವಿನಿಂದಲೇ ಹಾಗಾಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ. ಒತ್ತಡದಲ್ಲಿರುವವರ ಕಣ್ಣಿಗೆ ಹರವು ಜಾಸ್ತಿ ಕಾಣಲೂಬಹುದು. ಆದರೆ ಎರಡೂ ಜೊತೆಜೊತೆಗೆ ಇರುತ್ತವೆ ಅನ್ನುವುದಂತೂ ಕಂಡಿತು.

ಯಾವುದು ಇಟ್ಟುಕೊಳ್ಳೋದು, ಯಾವುದು ಬಿಡೋದು?

ನಮ್ಮದು ಅಂದ ತಕ್ಷಣ ವಸ್ತುವಿನ ಬೆಲೆ ನಮ್ಮ ಕಣ್ಣಿನಲ್ಲಿ ಏರಿಬಿಡುತ್ತದೆ. 1990ರಲ್ಲಿ ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಅನ್ನುವ ಮೂವರು ಸಂಶೋಧಕರು ಸೇರಿ ಇದನ್ನು ಕಾಫಿ ಮಗ್ಗಿನ ಮೇಲೆ ಪರೀಕ್ಷೆ ಮಾಡಿ ತೋರಿಸಿದರು. ಅರ್ಧ ಜನ ವಿದ್ಯಾರ್ಥಿಗಳಿಗೆ ಮಗ್ ಕೊಟ್ಟರು, ಇನ್ನರ್ಧಕ್ಕೆ ಕೊಡಲಿಲ್ಲ. ಆಮೇಲೆ ಮಾರಾಟಕ್ಕೆ ಬಿಟ್ಟರು. ಮಗ್ ಸಿಕ್ಕವರು ಕೇಳಿದ ಬೆಲೆ, ಇಲ್ಲದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟು ಇತ್ತು. ಕೆಲವೇ ನಿಮಿಷದ ಹಿಂದೆ ಕೈಗೆ ಬಂದ ಮಗ್ಗಿಗೇ ಹೀಗೆ. ಇನ್ನು ಹತ್ತು ವರ್ಷದಿಂದ ಕಪಾಟಿನಲ್ಲಿರುವ ವಸ್ತುವಿಗೆ?

ಅದಕ್ಕೆ ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಳ್ಳಿ. "ಇದನ್ನು ಬಿಡಲಾ?" ಅಂತ ಕೇಳಿದರೆ ಉತ್ತರ ಯಾವಾಗಲೂ ಬೇಡ ಅಂತಲೇ ಬರುತ್ತದೆ. "ಇದು ನನ್ನ ಹತ್ತಿರ ಇಲ್ಲದಿದ್ದರೆ ಇವತ್ತು ಹೋಗಿ ತರುತ್ತಿದ್ದೆನಾ?" ಅಂತ ಕೇಳಿ. ನಾನು ಈ ಪ್ರಶ್ನೆ ಹಿಡಿದುಕೊಂಡು ಅಡುಗೆಮನೆಗೆ ಹೋದ ದಿನ ಹನ್ನೊಂದು ಸೌಟುಗಳಲ್ಲಿ ಐದು ಉಳಿದವು.

"ಮುಂದೆ ಯಾವಾಗಲಾದರೂ ಬೇಕಾಗಬಹುದು" ಅನಿಸುತ್ತದಲ್ಲ?

ಬೇಕಾಗಲೂಬಹುದು. ಆ ಮಾತನ್ನು ತಳ್ಳಿಹಾಕುವುದಿಲ್ಲ. ಸುಲಭವಾಗಿ ಮತ್ತೆ ಸಿಗುವ, ಅಗ್ಗದ ವಸ್ತುವಾದರೆ ಬಿಡಿ. ಮತ್ತೆ ಸಿಗದ್ದು ಅಥವಾ ದುಬಾರಿಯಾದ್ದು ಇಟ್ಟುಕೊಳ್ಳಿ. ನಡುವಿನದ್ದಕ್ಕೆ ಒಂದು ಪೆಟ್ಟಿಗೆ ಮಾಡಿ, ಅಂಟುಪಟ್ಟಿ ಹಾಕಿ, ಮೇಲೆ ಇವತ್ತಿನ ತಾರೀಖು ಬರೆದಿಡಿ. ಆರು ತಿಂಗಳು ಯಾರೂ ಅದನ್ನು ತೆರೆಯದಿದ್ದರೆ ಹಾಗೇ ಹೊರಗೆ. ತಾರೀಖು ಮುಖ್ಯ. ತಾರೀಖಿಲ್ಲದ ಪೆಟ್ಟಿಗೆ ಅಟ್ಟ ಸೇರಿ ಅಲ್ಲೇ ಮುದಿಯಾಗುತ್ತದೆ.

ದುಡ್ಡು ಕೊಟ್ಟು ತಂದಿದ್ದು. ಬಿಸಾಕಲು ಹೊಟ್ಟೆ ಉರಿಯುತ್ತದೆ.

ದುಡ್ಡು ತಂದ ದಿನವೇ ಹೋಯಿತು. ಇಟ್ಟುಕೊಂಡರೂ ಅದು ವಾಪಸ್ ಬರುವುದಿಲ್ಲ, ಬದಲಿಗೆ ಜಾಗವೂ ಹೋಗುತ್ತದೆ. ಬೇರೆಯವರಿಗೆ ಉಪಯೋಗಕ್ಕೆ ಬರುವಂಥದ್ದಾದರೆ ಹೊಸದಾಗಿರುವಾಗಲೇ ಕೊಟ್ಟುಬಿಡಿ. ಹಳತಾದ ಮೇಲೆ ಅವರಿಗೂ ಬೇಡ.

ನೆನಪಿನ ವಸ್ತುಗಳನ್ನು ಏನು ಮಾಡೋದು?

ಇದರಲ್ಲಿ ನಾನು ಗಟ್ಟಿಗಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಮ್ಮ ಹೆಣೆದ ಒಂದು ಸ್ವೆಟರ್ ಇದೆ. ಮೊಣಕೈ ಹತ್ತಿರ ಎಳೆ ಬಿಟ್ಟಿದೆ, ಯಾರಿಗೂ ಸರಿಹೊಂದುವುದಿಲ್ಲ, ಹಾಕಿಕೊಂಡರೆ ಚುಚ್ಚುತ್ತದೆ. ಅದು ನನ್ನ ಹತ್ತಿರವೇ ಇರುತ್ತದೆ. ಯಾವ ಪ್ರಶ್ನೆಯನ್ನೂ ಅದಕ್ಕೆ ಕೇಳುವುದಿಲ್ಲ.

ಆದರೆ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಪೆಟ್ಟಿಗೆ. ಅದರೊಳಗೆ ಏನು ಬೇಕಾದರೂ ಇರಲಿ, ಬೇರೆಯವರು ಕೇಳುವಂತಿಲ್ಲ. ತುಂಬಿತೋ, ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಬರಬೇಕು. ಮಕ್ಕಳ ಚಿತ್ರಗಳಂಥವು ರಾಶಿಯಾದಾಗ ಎಲ್ಲದರ ಫೋಟೋ ತೆಗೆದು ಕೆಲವನ್ನು ಮಾತ್ರ ಇಟ್ಟರೆ ಸಾಕು. ಯಾವ ಕೆಲವು ಅಂತ ಮಕ್ಕಳೇ ಆರಿಸಲಿ. ಅವರ ಆಯ್ಕೆ ನಮ್ಮದಕ್ಕಿಂತ ಬೇರೆಯೇ ಇರುತ್ತದೆ. ನಾನು ಚಂದ ಅಂದುಕೊಂಡಿದ್ದನ್ನು ನನ್ನ ಮಗಳು ತಿರುಗಿಯೂ ನೋಡಲಿಲ್ಲ.

ಬಟ್ಟೆ?

ಬೀರುವಿನ ಎಲ್ಲ ಹ್ಯಾಂಗರುಗಳನ್ನೂ ಉಲ್ಟಾ ತಿರುಗಿಸಿ ನೇತುಹಾಕಿ, ಅಂದರೆ ಕೊಕ್ಕೆಯ ಬಾಯಿ ನಿಮ್ಮ ಕಡೆಗೆ. ಹಾಕಿಕೊಂಡು, ಒಗೆದು, ವಾಪಸ್ ಇಡುವಾಗ ಸರಿಯಾಗಿ ಹಾಕಿ. ಒಂದು ವರ್ಷ ಕಳೆದ ಮೇಲೂ ಉಲ್ಟಾ ಉಳಿದಿದ್ದು ಯಾವುದು ಅಂತ ನೋಡಿ. ನಿಮ್ಮ ಜೊತೆ ವಾದ ಮಾಡುವ ಅಗತ್ಯವೇ ಇಲ್ಲ, ಹ್ಯಾಂಗರೇ ಹೇಳುತ್ತದೆ.

ಇನ್ನು ಆ ಕುರ್ಚಿ. ಎಲ್ಲರ ಮನೆಯಲ್ಲೂ ಇರುವ, ಬಟ್ಟೆ ಹೊತ್ತ ಆ ಕುರ್ಚಿ. ಅದರ ಮೇಲಿರುವವು ಒಂದು ಸಲ ಹಾಕಿದ ಬಟ್ಟೆಗಳು. ಒಗೆಯುವಷ್ಟು ಕೊಳೆಯಾಗಿಲ್ಲ, ಬೀರುವಿಗೆ ಸೇರಿಸುವಷ್ಟು ಶುಭ್ರವಾಗೂ ಇಲ್ಲ. ಮನೆಯಲ್ಲಿ ಅವಕ್ಕೆ ಅಂತ ಜಾಗವೇ ಇಲ್ಲ, ಪಾಪ ಅವು ಎಲ್ಲಿಗೆ ಹೋಗಬೇಕು? ಬಾಗಿಲ ಹಿಂದೆ ತಲಾ ಎರಡೋ ಮೂರೋ ಕೊಕ್ಕೆ ಹಾಕಿಕೊಡಿ. ಕೊಕ್ಕೆ ತುಂಬಿದರೆ ಒಗೆಯುವ ದಿನ ಬಂತು ಅಂತ ಲೆಕ್ಕ. ನಮ್ಮಲ್ಲಿ ಈ ಕೊಕ್ಕೆ ಬಂದ ಮೇಲೆ ಕುರ್ಚಿಯ ಬಣ್ಣ ಯಾವುದು ಅಂತ ಗೊತ್ತಾಯಿತು.

ಬಟ್ಟೆ ತೆಗೆದಿಡುವ ಮುಂಚೆ ಒಗೆದು ಪೂರ್ತಿ ಒಣಗಿಸಿ. ಬೆವರು, ಕಲೆ ಉಳಿದ ಉಣ್ಣೆ ರೇಷ್ಮೆಗಳನ್ನೇ ಬಟ್ಟೆಹುಳದ ಮರಿಗಳು ಹುಡುಕಿಕೊಂಡು ಬರುವುದು. ತೇವ ಇದ್ದರೆ ಬೂಷ್ಟು.

ಅಡುಗೆಮನೆ ಕಟ್ಟೆ ಒಂದು ದಿನವೂ ಖಾಲಿ ಇರಲ್ಲ. ಏನು ಮಾಡಲಿ?

ಕಟ್ಟೆ ಮೇಲಿರುವ ಪ್ರತಿಯೊಂದನ್ನೂ ದಿನಾ ಬಳಸುತ್ತೀರಾ ನೋಡಿ. ದಿನಾ ಬಳಸುವುದು ಹೊರಗೇ ಇರಲಿ, ಅದರಲ್ಲಿ ತಪ್ಪಿಲ್ಲ. ವಾರಕ್ಕೊಮ್ಮೆ ಬಳಸುವ ಮಿಕ್ಸರ್, ಓವನ್ ಥರದ್ದು ಒಳಗೆ ಹೋಗಲಿ. ಭಾರವಾಗಿದ್ದರೆ ಕೆಳಗಿನ ಕಪಾಟಿಗೆ.

ಅಡುಗೆಮನೆ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ ಇದೆ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟೆ ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ಒಂದು ಅಡುಗೆಮನೆ ರೂಪಿಸಿದರು. ಅಗಲ ಎರಡು ಮೀಟರ್ ಕೂಡ ಇಲ್ಲ, ಉದ್ದ ಮೂರೂವರೆ ಮೀಟರಿಗಿಂತ ತುಸು ಕಡಿಮೆ. ಅಂಥ ಸಾವಿರಾರು ಅಡುಗೆಮನೆಗಳನ್ನು ಕಟ್ಟಿದರು. ಅದರಲ್ಲಿ ಹಿಟ್ಟು, ಸಕ್ಕರೆ ಇಂಥವುಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಡ್ರಾಯರುಗಳು. ಒಂದೊಂದಕ್ಕೂ ಹಿಡಿ, ತುದಿಯಲ್ಲಿ ಸುರಿಯಲು ಮೂತಿ. ಎಳೆಯಿರಿ, ಸುರಿಯಿರಿ, ವಾಪಸ್ ತಳ್ಳಿ. ಮುಚ್ಚಳ ಬಿಚ್ಚುವ ಗೋಜಿಲ್ಲ, ಚಮಚ ಹುಡುಕುವ ಗೋಜಿಲ್ಲ. ಸುಮಾರು ನೂರು ವರ್ಷದ ಹಿಂದೆಯೇ ಒಬ್ಬ ಹೆಣ್ಣುಮಗಳು ವಾಪಸ್ ಇಡುವವರ ಕಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ನಮ್ಮ ಅಡುಗೆಮನೆಯನ್ನು ಒಡೆದು ಕಟ್ಟಬೇಕಿಲ್ಲ. ಒಂದು ಕೆಲಸಕ್ಕೆ ಬೇಕಾದ್ದೆಲ್ಲ ಒಂದೇ ಕಡೆ ಇರಲಿ, ಅಷ್ಟೇ. ಚಹಾ ಮಾಡುವ ಪಾತ್ರೆ, ಸೋಸುವ ಜಾಲರಿ, ಪುಡಿ, ಸಕ್ಕರೆ, ಲೋಟ ಎಲ್ಲವೂ ನಿಂತಲ್ಲೇ ಕೈಗೆ ಸಿಗಬೇಕು. ತಟ್ಟೆಗಳು ಪಾತ್ರೆ ತೊಳೆಯುವ ಜಾಗದ ಹತ್ತಿರ ಇರಲಿ, ಊಟಕ್ಕೆ ಕೂರುವ ಕಡೆ ಬೇಡ. ಮತ್ತೆ ಅದೇ ಲೆಕ್ಕ. ಹಸಿವಾದಾಗ ನಾಲ್ಕು ಹೆಜ್ಜೆ ಹೋಗಿ ತಟ್ಟೆ ತರುವುದಕ್ಕೆ ಯಾರಿಗೂ ಬೇಜಾರಿಲ್ಲ. ತೊಳೆದ ತಟ್ಟೆಯನ್ನು ನಾಲ್ಕು ಹೆಜ್ಜೆ ಒಯ್ಯಲು ಬೇಜಾರು.

ಪ್ಲಾಸ್ಟಿಕ್ ಡಬ್ಬಿಗಳ ರಾಶಿಗೆ ಒಂದೇ ಮದ್ದು. ಎಲ್ಲವನ್ನೂ ನೆಲದ ಮೇಲೆ ಹರಡಿ ಡಬ್ಬಿಗೆ ಮುಚ್ಚಳ ಜೋಡಿಸಿ. ಒಂಟಿಯಾಗಿ ಉಳಿದದ್ದಕ್ಕೆ ಬೀಳ್ಕೊಡುಗೆ. ಮುಂದೆ ತರುವಾಗ ಒಂದೇ ಅಳತೆಯದ್ದನ್ನೇ ತನ್ನಿ, ಆಗ ಯಾವ ಮುಚ್ಚಳವಾದರೂ ಯಾವುದಕ್ಕಾದರೂ ಆಗುತ್ತದೆ.

ಫ್ರಿಜ್ಜಿನ ಹಿಂದಿನ ಸಾಲಿನಲ್ಲಿ ಇಟ್ಟಿದ್ದು ಮರೆತೇ ಹೋಗುತ್ತದೆ.

ಹಳೆಯದು ಮುಂದೆ, ಹೊಸದು ಹಿಂದೆ. ತಂದ ತಕ್ಷಣ ಈ ಒಂದು ಕೆಲಸ ಮಾಡಿ. ಬೇಗ ಮುಗಿಸಬೇಕಾದ್ದಕ್ಕೆ ಕಣ್ಣಿನ ಮಟ್ಟದಲ್ಲಿ ಒಂದು ಟ್ರೇ ಇಡಿ. ಉಳಿದ ಅಡುಗೆಗೆ ಪಾರದರ್ಶಕ ಡಬ್ಬಿಯೇ ಆಗಬೇಕು. ಕಾಣದ್ದನ್ನು ಯಾರೂ ತಿನ್ನುವುದಿಲ್ಲ. ಒಳಗಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ತುರುಕಿ ತುಂಬಿದರೆ ಒಳಗೆ ಗಾಳಿ ಓಡಾಡದೆ ಕೆಲವು ಕಡೆ ತಂಪೇ ತಲುಪುವುದಿಲ್ಲ.

ಪೊಟ್ಟಣದ ಮೇಲಿನ ತಾರೀಖುಗಳಲ್ಲೂ ಎರಡು ಬಗೆ. 'ಬೆಸ್ಟ್ ಬಿಫೋರ್' ಅನ್ನುವುದು ರುಚಿ, ಗುಣಮಟ್ಟದ ಮಾತು. 'ಯೂಸ್ ಬೈ' ಅಂತ ಇದ್ದರೆ ಅದು ಸಾಮಾನ್ಯವಾಗಿ ಸುರಕ್ಷತೆಯ ಮಾತು, ದಾಟಿದ ಮೇಲೆ ಬೇಡ.

ಕಾಗದ ಪತ್ರ ಗುಡ್ಡೆ ಬಿದ್ದಿವೆ.

ಮೂರು ಭಾಗ ಸಾಕು. ಏನಾದರೂ ಮಾಡಬೇಕಾದ ಕಾಗದ, ಇಟ್ಟುಕೊಳ್ಳಬೇಕಾದ ಕಾಗದ, ಹರಿದು ಹಾಕುವ ಕಾಗದ. ಮೊದಲನೆಯದಕ್ಕೆ ಕಣ್ಣಿಗೆ ಬೀಳುವ ಕಡೆ ಒಂದೇ ಟ್ರೇ. ಎರಡನೆಯದಕ್ಕೆ ಫೈಲು, ಪ್ರತಿಯೊಬ್ಬರಿಗೂ ಒಂದು, ಮನೆಗೆ ಒಂದು. ಇಪ್ಪತ್ತು ವಿಭಾಗ ಮಾಡಿದರೆ ಯಾವುದನ್ನು ಯಾವುದರಲ್ಲಿ ಹಾಕಬೇಕು ಅಂತ ಯೋಚಿಸುತ್ತಾ ಕಾಗದ ಮತ್ತೆ ಮೇಜಿನ ಮೇಲೇ ಉಳಿಯುತ್ತದೆ. ಹೆಸರು, ಸಹಿ, ಖಾತೆ ಸಂಖ್ಯೆ ಇರುವುದನ್ನು ಚೂರು ಮಾಡಿಯೇ ಬಿಸಾಕಿ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕೊಡುವ ನುಣುಪು ಬಿಲ್ಲುಗಳಲ್ಲಿ ಬಹಳಷ್ಟಕ್ಕೆ ಶಾಯಿಯೇ ಇರುವುದಿಲ್ಲ. ಆ ಕಾಗದಕ್ಕೆ ಲೇಪಿಸಿದ ರಾಸಾಯನಿಕ ಶಾಖಕ್ಕೆ ಕಪ್ಪಾಗುತ್ತದೆ, ಅದೇ ಅಕ್ಷರ. ಬಿಸಿಲು, ಬಿಸಿ ತಗುಲಿದರೆ, ಇಲ್ಲವೇ ಸುಮ್ನೆ ಕಾಲ ಕಳೆದರೂ ಅಳಿಸಿಹೋಗುತ್ತದೆ. ನಮ್ಮ ಒಂದು ಯಂತ್ರ ಗ್ಯಾರಂಟಿ ಅವಧಿಯಲ್ಲೇ ಕೆಟ್ಟಿತು. ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದ ಬಿಲ್ಲು ತೆಗೆದು ನೋಡಿದರೆ ಬಿಳೀ ಕಾಗದ! ಈಗ ಗ್ಯಾರಂಟಿ ಇರುವ ಯಾವ ವಸ್ತು ತಂದರೂ ಬಿಲ್ಲಿನ ಫೋಟೋ ಅವತ್ತೇ ತೆಗೆಯುತ್ತೇನೆ.

ವೈರು, ಚಾರ್ಜರು, ಹಳೇ ಫೋನುಗಳ ಡ್ರಾಯರ್?

ಯಾವುದರ ವೈರು ಅಂತ ಗೊತ್ತಿಲ್ಲದಿದ್ದರೆ ಒಂದು ತಿಂಗಳು ಗಡುವು ಕೊಡಿ. ಗೊತ್ತಿರುವುದಕ್ಕೆ ಈಗಲೇ ಅಂಟುಪಟ್ಟಿ ಸುತ್ತಿ ಹೆಸರು ಬರೆಯಿರಿ. ಒಂದೇ ಥರದ ಆರು ಚಾರ್ಜರ್ ಬೇಡ, ಎರಡು ಸಾಕು.

ಲಿಥಿಯಂ ಬ್ಯಾಟರಿಯನ್ನು ಮಾತ್ರ ಮನೆಯ ಕಸಕ್ಕೆ ಹಾಕಬೇಡಿ. ಕಸದ ಗಾಡಿಯಲ್ಲಿ ಜಜ್ಜಿದರೆ ಹೊತ್ತಿಕೊಳ್ಳುತ್ತದೆ. ತುದಿಗಳಿಗೆ ಟೇಪ್ ಅಂಟಿಸಿ ಬ್ಯಾಟರಿ, ಇ-ಕಸ ತೆಗೆದುಕೊಳ್ಳುವ ಕಡೆ ಕೊಡಿ. ಉಬ್ಬಿದ ಬ್ಯಾಟರಿ ಇರುವ ಫೋನನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಹಳೇ ಫೋನ್ ಕೊಡುವ ಮೊದಲು ಖಾತೆಗಳಿಂದ ಲಾಗೌಟ್ ಆಗಿ, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ಮು, ಮೆಮೊರಿ ಕಾರ್ಡು ತೆಗೆದುಕೊಳ್ಳಿ.

ಔಷಧಿಗಳನ್ನು ಎಲ್ಲಿಡೋದು?

ಬಚ್ಚಲುಮನೆಯ ಕನ್ನಡಿ ಹಿಂದೆ ಅಂತೂ ಬೇಡ. ಅಲ್ಲಿ ಬಿಸಿ, ತೇವ ಎರಡೂ ಜಾಸ್ತಿ. ಒಲೆಯ ಹತ್ತಿರವೂ ಬೇಡ. ತಂಪಾದ, ಒಣಗಿದ, ಮಕ್ಕಳ ಕೈಗೆ ಎಟುಕದ ಕಪಾಟು ಆಗಬೇಕು. ಇಡಲು ಸುಲಭ ಇರಬೇಕು ಅಂತ ಇಷ್ಟು ಹೊತ್ತು ಹೇಳಿದ್ದು ಇದಕ್ಕೆ ಅನ್ವಯಿಸುವುದಿಲ್ಲ. ಇದು ಕಷ್ಟವಾಗಿಯೇ ಇರಲಿ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ಹೆಸರೂ ತಾರೀಖೂ ಹೋಗಿಬಿಡುತ್ತವೆ.

ಶುಚಿ ಮಾಡುವ ದ್ರಾವಣಗಳೂ ಹಾಗೇ ಎತ್ತರದಲ್ಲಿ, ಬಂದ ಬಾಟಲಿಯಲ್ಲೇ ಇರಲಿ. ಕುಡಿಯುವ ಬಾಟಲಿಗೆ ತುಂಬಿಡಬೇಡಿ. ಬ್ಲೀಚ್ ಜೊತೆ ವಿನೆಗರ್ ಅಥವಾ ಇನ್ಯಾವುದೇ ಆಮ್ಲ ಸೇರಿದರೆ ವಿಷದ ಕ್ಲೋರಿನ್ ಅನಿಲ ಬರುತ್ತದೆ. ಎರಡನ್ನೂ ಬೆರೆಸಲೇಬೇಡಿ.

ನಾನೊಬ್ಬಳೇ ಜೋಡಿಸುತ್ತೇನೆ. ಮನೆಯಲ್ಲಿ ಬೇರೆ ಯಾರೂ ಕೈ ಹಾಕಲ್ಲ.

ಇದಕ್ಕೆ ಪೂರ್ತಿ ಉತ್ತರ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ದೊಡ್ಡ ಮನುಷ್ಯಳಾಗಿರುತ್ತಿದ್ದೆ. ಆದರೂ ಗಮನಿಸಿದ್ದನ್ನು ಹೇಳುತ್ತೇನೆ.

ಎಲ್ಲವನ್ನೂ ನಾವೇ ಜೋಡಿಸಿದರೆ ಯಾವುದು ಎಲ್ಲಿದೆ ಅಂತ ನಮಗೊಬ್ಬರಿಗೇ ಗೊತ್ತಿರುತ್ತದೆ. ಆಮೇಲೆ "ಅದೆಲ್ಲಿ, ಇದೆಲ್ಲಿ" ಅಂತ ದಿನವಿಡೀ ನಮ್ಮನ್ನೇ ಕೂಗುತ್ತಾರೆ. ನಮ್ಮವರು ಹೀಗೇ ಒಂದು ದಿನ "ಸ್ಕ್ರೂಡ್ರೈವರ್ ಎಲ್ಲಿಟ್ಟಿದ್ದೀಯ ಮಾರಾಯ್ತಿ?" ಅಂದರು. "ಇಟ್ಟಿದ್ದು ನೀವೇ ಅಲ್ವಾ?" ಅಂದೆ. "ನಾನಿಟ್ಟ ಕಡೆ ಇದ್ದಿದ್ದರೆ ನಿನ್ನನ್ನ್ಯಾಕೆ ಕೇಳ್ತಿದ್ದೆ?" ಅಂದರು. ಮಾತು ಸರಿಯಾಗಿತ್ತು. ಅವರು ಇಟ್ಟಿದ್ದ ಜಾಗದಿಂದ ಎತ್ತಿ, ನನಗೆ ಸರಿ ಕಂಡ ಜಾಗಕ್ಕೆ ಹಾಕಿದವಳು ನಾನೇ.

ಅವತ್ತಿನಿಂದ ಹತ್ಯಾರುಗಳ ಜಾಗವನ್ನು ಅವರಿಗೇ ಬಿಟ್ಟುಕೊಟ್ಟೆ. ಕಾರ್ಖಾನೆಗಳಲ್ಲಿ ಹತ್ಯಾರು ನೇತುಹಾಕುವ ಹಲಗೆಯ ಮೇಲೆ ಒಂದೊಂದರ ಆಕಾರವನ್ನೂ ಗೆರೆ ಎಳೆದು ತೋರಿಸಿರುತ್ತಾರೆ, ಯಾವುದು ವಾಪಸ್ ಬಂದಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ಅವರೂ ಒಂದು ಹಲಗೆಗೆ ಹಾಗೇ ಮಾಡಿಕೊಂಡರು. ಸುತ್ತಿಗೆಯ ಜಾಗ ಖಾಲಿ ಇದ್ದರೆ ಅವರಿಗೇ ಕಿರಿಕಿರಿ. ನಾನು ಬಾಯಿ ತೆರೆಯಬೇಕಿಲ್ಲ.

ಬೇರೆಯವರ ವಸ್ತುವನ್ನು ಅವರಿಗೆ ಹೇಳದೆ ಎಸೆಯಬೇಡಿ. ಒಂದು ಸಲ ಎಸೆದರೆ, ಆಮೇಲೆ ಹತ್ತು ವರ್ಷ ಕಾಣೆಯಾದ ಪ್ರತಿಯೊಂದಕ್ಕೂ ನೀವೇ ಹೊಣೆ.

ಮಕ್ಕಳ ಆಟಿಕೆಗಳು?

ಮಗು ತಾನೇ ಎತ್ತಿಡಬೇಕು ಅಂದರೆ ದೊಡ್ಡ, ತೆರೆದ, ನೆಲದ ಮಟ್ಟದ ಬುಟ್ಟಿಗಳಿರಬೇಕು. ಓದಲು ಬಾರದ ಮಗುವಾದರೆ ಬುಟ್ಟಿಗೆ ಚಿತ್ರ ಅಂಟಿಸಿ. ಅರ್ಧ ಆಟಿಕೆಗಳನ್ನು ಮೇಲೆತ್ತಿಟ್ಟು ತಿಂಗಳಿಗೊಮ್ಮೆ ಅದಲು ಬದಲು ಮಾಡಿ. ಹಳೆಯದೇ ಹೊಸದಾಗಿ ಕಾಣುತ್ತದೆ. ಎತ್ತರದ ಕಪಾಟುಗಳನ್ನು ಗೋಡೆಗೆ ಬಿಗಿಯಿರಿ. ಮಕ್ಕಳು ಡ್ರಾಯರುಗಳನ್ನು ಮೆಟ್ಟಿಲು ಅಂದುಕೊಳ್ಳುತ್ತಾರೆ, ಕಪಾಟು ಅವರ ಮೇಲೇ ಬೀಳುತ್ತದೆ.

ಮನೆಯೇ ಚಿಕ್ಕದು. ಜಾಗ ಎಲ್ಲಿಂದ ತರಲಿ?

ಬಾಗಿಲುಗಳ ಹಿಂಭಾಗ, ಮಂಚದ ಕೆಳಗೆ, ಕಪಾಟಿನೊಳಗೆ ಎರಡು ತಟ್ಟುಗಳ ನಡುವೆ ಸುಮ್ನೆ ಉಳಿದ ಎತ್ತರ. ಈ ಮೂರನ್ನು ನೋಡಿ. ಬಳಸದ ಸೂಟ್‌ಕೇಸಿನೊಳಗೆ ಬೇರೆ ಕಾಲದ ಬಟ್ಟೆ ಇಡಿ. ಅಷ್ಟಾದ ಮೇಲೂ ಸಾಲದಿದ್ದರೆ ಜಾಗ ಕಡಿಮೆ ಇಲ್ಲ, ವಸ್ತು ಜಾಸ್ತಿ ಇದೆ.

ದಿನಕ್ಕೆ ಎಷ್ಟು ಹೊತ್ತು ಕೊಡಬೇಕು?

ಹತ್ತು ನಿಮಿಷ. ದಿನಾ ಮಾಡುವ ಒಂದು ಕೆಲಸದ ಬಾಲಕ್ಕೆ ಕಟ್ಟಿ. ರಾತ್ರಿ ಊಟದ ಪಾತ್ರೆ ಎತ್ತಿದ ಮೇಲೆ ಅಂತಲೋ, ಹಲ್ಲುಜ್ಜುವ ಮುಂಚೆ ಅಂತಲೋ. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅನ್ನುವ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದಾಗ ಸರಾಸರಿ 66 ದಿನ ಬಂತು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಅಂತಲೂ ಕಂಡಿತು. ನನಗೆ ಇದರಲ್ಲಿ ಇಷ್ಟವಾದ ಸುದ್ದಿ ಅದೇ.

ಮನೆಯ ಹಿರಿಯರೊಬ್ಬರು ಏನನ್ನೂ ಬಿಸಾಕಲು ಬಿಡುವುದಿಲ್ಲ. ಓಡಾಡಲೂ ಜಾಗ ಇಲ್ಲ.

ಸ್ವಲ್ಪ ಜಾಸ್ತಿ ಕೂಡಿಡುವುದು ಬೇರೆ, ಇದು ಬೇರೆ ಇರಬಹುದು. ಬೆಲೆ ಇಲ್ಲದ್ದನ್ನೂ ಬಿಡಲಾಗದೆ, ಬಿಡಬೇಕು ಅಂದರೆ ವಿಪರೀತ ಸಂಕಟವಾಗಿ, ಮಲಗುವ, ಅಡುಗೆ ಮಾಡುವ ಜಾಗಗಳೂ ಬಳಕೆಗೆ ಬಾರದಂತಾದರೆ ಅದು ಒಂದು ಕಾಯಿಲೆಯಾಗಿರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದೆ. ಅವರಿಲ್ಲದಾಗ ಮನೆ ಖಾಲಿ ಮಾಡಿಬಿಡುವುದು ಪರಿಹಾರವಲ್ಲ. ನಂಬಿಕೆ ಮುರಿಯುತ್ತದೆ, ರಾಶಿಯೂ ಮತ್ತೆ ಬೆಳೆಯುತ್ತದೆ. ಮೊದಲು ಓಡಾಡುವ ದಾರಿ, ಒಲೆಯ ಸುತ್ತ, ಬಾಗಿಲು ಇಷ್ಟನ್ನು ಅವರನ್ನು ಒಪ್ಪಿಸಿ ತೆರವು ಮಾಡಿ. ಎಡವಿ ಬೀಳುವುದು, ಬೆಂಕಿ ಹೊತ್ತುವುದು ತಪ್ಪಲಿ. ಉಳಿದದ್ದಕ್ಕೆ ಮನೋವೈದ್ಯರ ಸಹಾಯ ಕೇಳಿ.

ಫೋನಿನಲ್ಲಿ ಸಾವಿರಾರು ಫೋಟೋ ಇವೆ. ಅದೂ ಹರವೇ ಅಲ್ವಾ?

ಹೌದು, ಆದರೆ ಕಾಲಿಗೆ ಎಡವುವುದಿಲ್ಲ. ಸರತಿಯಲ್ಲಿ ನಿಂತಾಗ ಸ್ಕ್ರೀನ್‌ಶಾಟುಗಳನ್ನು ಅಳಿಸಿ. ಅಳಿಸುವ ಮುಂಚೆ ಒಳ್ಳೆಯದರ ಪ್ರತಿ ಬೇರೆ ಕಡೆ ಇರಲಿ.

ಬೇಡದ್ದನ್ನೆಲ್ಲ ಮೂಟೆ ಕಟ್ಟಿ ಬಾಗಿಲ ಹತ್ತಿರ ಇಟ್ಟು ಮೂರು ತಿಂಗಳಾಯಿತು. ಇನ್ನೂ ಅಲ್ಲೇ ಇದೆ.

ಇವತ್ತು ಹೊರಗೆ ಹೋಗುವಾಗ ಎತ್ತಿಕೊಳ್ಳಿ. ಬಿಚ್ಚಿ ನೋಡಬೇಡಿ.